ಒಂದು ವಿಳಾಸ, ಹಲವು ಮನೆ

ಅಂಚೆಯಲ್ಲಿ ಒಂದು ವಿಳಾಸಕ್ಕೆ ಒಂದೇ ಮನೆ. ಅಂತರ್ಜಾಲದಲ್ಲಿ ಅಂಥ ಕಟ್ಟುಪಾಡಿಲ್ಲ. ಮುಂಬಯಿ, ಸಿಂಗಪುರ, ಲಂಡನ್‌ಗಳಲ್ಲಿರುವ ಯಂತ್ರಗಳು ಒಂದೇ ವಿಳಾಸವನ್ನು ಏಕಕಾಲದಲ್ಲಿ ತಮ್ಮದೆಂದು ಸಾರಬಹುದು. ಕೇಳುವವನ ಪ್ರಶ್ನೆ ಅವುಗಳಲ್ಲಿ ಹತ್ತಿರದ್ದನ್ನು ಸೇರುತ್ತದೆ. ಈ ಏರ್ಪಾಟಿಗೆ ಎನಿಕಾಸ್ಟ್ ಎಂದು ಹೆಸರು. ಹತ್ತಿರವೆಂದರೆ ಮೈಲಿಗಳ ಲೆಕ್ಕವಲ್ಲ. ನಡುವೆ ದಾಟಬೇಕಾದ ಜಾಲಗಳೆಷ್ಟು, ಅವುಗಳ ಒಡೆಯರಲ್ಲಿ ಯಾರಿಗೆ ಯಾರೊಡನೆ ಒಪ್ಪಂದವಿದೆ ಎಂಬುದರ ಮೇಲೆ ದೂರದ ನಿರ್ಣಯ. ಬೆಂಗಳೂರಿನ ಪ್ರಶ್ನೆ ಮುಂಬಯಿಯನ್ನು ಬಿಟ್ಟು ಸಿಂಗಪುರಕ್ಕೆ ಹೋದರೂ ಸೋಜಿಗವಿಲ್ಲ.

ಅಂತರ್ಜಾಲದ ಹೆಸರುಗಳಿಗೆ ವಿಳಾಸ ಹುಡುಕಲು ದಾರಿ ತೋರುವ 13 ಮೂಲ ಕೇಂದ್ರಗಳ ಮೇಲೆ 2002ರ ಅಕ್ಟೋಬರ್ 21ರಂದು ಸುಮಾರು ಒಂದು ಗಂಟೆ ಕಾಲ ಸುಳ್ಳು ಸಂದೇಶಗಳ ಮಹಾಪೂರ ಹರಿಯಿತು. ಆ ಬಳಿಕ ಈ ಉಪಾಯ ಬಹುಬೇಗ ಹಬ್ಬಿತು. ಹೆಸರುಗಳು ಇಂದಿಗೂ 13. ಯಂತ್ರಸ್ಥಾನಗಳು ಸಾವಿರವನ್ನು ಮೀರಿವೆ. ಒಂದು ಸ್ಥಾನ ಹಿಂದೆ ಸರಿದರೆ ಅದರ ಪ್ರಶ್ನೆಗಳು ಇನ್ನೊಂದರತ್ತ ತಿರುಗುತ್ತವೆ.

ಆದರೆ ಹೀಗೆ ತಿರುಗುವ ಗುಣವೇ ತೊಡಕೂ ಹೌದು. ಒಂದು ಪ್ರಶ್ನೆ, ಒಂದು ಉತ್ತರ ಎನ್ನುವಲ್ಲಿ ಯಾರು ಉತ್ತರಿಸಿದರೇನು? ದೀರ್ಘ ಸಂಭಾಷಣೆಯ ಪಾಡು ಬೇರೆ. ಮನೆಯ ಹುಡುಗನು ಪರೀಕ್ಷೆಗೆಂದು ದೊಡ್ಡದೊಂದು ಪಾಠವನ್ನು ಇಳಿಸಿಕೊಳ್ಳುತ್ತಿದ್ದಾನೆ ಎನ್ನೋಣ. ಅದು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುತ್ತಿದೆ, ಅರ್ಧ ಮುಗಿದಿದೆ. ಅಷ್ಟರಲ್ಲಿ ಎಲ್ಲಿಯೋ ಸಮುದ್ರದಡಿಯ ಕೇಬಲ್ ತುಂಡಾಯಿತು, ಇಲ್ಲವೇ ಎರಡು ಜಾಲಗಳ ಒಪ್ಪಂದ ಬದಲಾಯಿತು. ರೂಟರ್‌ಗಳು ಹೊಸ ದಾರಿ ಹಿಡಿದವು. ವಿಳಾಸ ಒಂದೇ ಮನೆಯದಾಗಿದ್ದರೆ ಸುತ್ತು ಬಳಸಿಯಾದರೂ ಮಾತು ಅಲ್ಲಿಗೇ ಸೇರುತ್ತಿತ್ತು. ಈಗ ಹುಡುಗನ ಕಡೆಯ ಮರುಮಾತು ಬೇರೆ ಊರಿನ ಯಂತ್ರದ ಬಾಗಿಲು ತಟ್ಟುತ್ತದೆ. ಹಿಂದಿನ ಮಾತುಕತೆಯ ಗಂಧಗಾಳಿಯೂ ಅದಕ್ಕಿಲ್ಲ. 'ನೀನಾರು?' ಎಂಬಂತೆ ಸಂಪರ್ಕವನ್ನೇ ಕಡಿದುಬಿಡುತ್ತದೆ. ಯಂತ್ರಗಳೆರಡೂ ಸುಸ್ಥಿತಿಯಲ್ಲಿಯೇ ಇರುವುದರಿಂದ, ದೂರು ಕೊಡಹೋದವನಿಗೆ ತಪ್ಪಿತಸ್ಥನೇ ಸಿಕ್ಕುವುದಿಲ್ಲ.

ಇಂಥದು ನಿತ್ಯದ ಮಾತಲ್ಲ. ದಾರಿ ಹೊರಳುವ ಮೊದಲೇ ಹೆಚ್ಚಿನ ಸಂಪರ್ಕಗಳು ಮುಗಿದಿರುತ್ತವೆ. ನಿಜವಾದ ಕಷ್ಟ ಎರಡು ಕೇಂದ್ರಗಳಿಗೆ ಸಮದೂರದಲ್ಲಿ ಬಿದ್ದವರದು. ಅವರ ಮಾತು ಒಮ್ಮೆ ಇತ್ತ, ಒಮ್ಮೆ ಅತ್ತ ಹೊಯ್ದಾಡುತ್ತಿದ್ದರೆ, ಬೇರೆ ಕಂಪೆನಿಯ ಸಂಪರ್ಕವಿರುವ ನೆರೆಮನೆಯಲ್ಲಿ ಎಲ್ಲವೂ ನಿರಾತಂಕ.

ಎನಿಕಾಸ್ಟನ್ನು ನಿರೂಪಿಸಿದ 1993ರ ಬರಹದಲ್ಲಿಯೇ ಪರಿಹಾರದ ಸೂಚನೆಯಿತ್ತು. ಮೊದಲ ಕರೆ ಎಲ್ಲರಿಗೂ ಸೇರಿದ ವಿಳಾಸಕ್ಕೆ. ಆಮೇಲಿನ ಮಾತೆಲ್ಲ ಓಗೊಟ್ಟ ಯಂತ್ರದ ಸ್ವಂತ ವಿಳಾಸಕ್ಕೆ. 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ಸಂವಹನ ನಿಯಮಾವಳಿ ಇಂಥದೇ ಅವಕಾಶವನ್ನು ಕಲ್ಪಿಸಿತು, 28 ವರ್ಷಗಳ ತರುವಾಯ! ಅದನ್ನು ಬಳಸುವುದು, ಬಿಡುವುದು ಆಯಾ ಕೇಂದ್ರದವರ ಇಚ್ಛೆ.