ಸಿಹಿ ನೆನಪಿನ ಹಿಂದಿನ ಲೆಕ್ಕ

ಮಗಳ ಬಾಣಂತನಕ್ಕೆಂದು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದೆ. ಪಕ್ಕದ ಮನೆಯ ಅಜ್ಜ ಒಂದು ಸಂಜೆ ತಾವು ಜೋಪಾನ ಮಾಡಿದ ಕಾಮಿಕ್ಸ್ ಪುಸ್ತಕ ತೆರೆದು ಒಂದು ಜಾಹೀರಾತು ತೋರಿಸಿದರು. ನಗುಮುಖದ ಹುಡುಗ, ಹೆಗಲಲ್ಲಿ ಚೀಲ. 'ಗ್ರಿಟ್' ಪತ್ರಿಕೆ ಮಾರಿ, ಹಣ ಗಳಿಸಿ ಎಂಬ ಕರೆ. ಕೆಳಗೆ ಹೆಸರು, ವಯಸ್ಸು ತುಂಬಿ ಕಳಿಸಲು ಕೂಪನ್.

"ಹನ್ನೊಂದು ವರ್ಷಕ್ಕೇ ನಾನು ವ್ಯಾಪಾರಿ! ಈಗಿನ ಮಕ್ಕಳಿಗೆ ಆ ಭಾಗ್ಯ ಎಲ್ಲಿದೆ?" ಎಂದು ನಿಟ್ಟುಸಿರಿಟ್ಟರು.

1882ರಲ್ಲಿ ಅದೇ ರಾಜ್ಯದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿದ ಆ ವಾರಪತ್ರಿಕೆ ಸಣ್ಣ ಊರುಗಳ ಮನೆ ಮುಟ್ಟಿದ್ದು ಬಹುಮಟ್ಟಿಗೆ ಇಂಥ ಮಕ್ಕಳ ಕಾಲ್ನಡಿಗೆಯಿಂದ. ಸಂಬಳವಿಲ್ಲ, ಮಾರಿದ ಪ್ರತಿಗೆ ಕೆಲವು ಸೆಂಟು.

"ದುಡ್ಡು ಕೊಡದವರು ಇರಲಿಲ್ಲವೇ?" ಎಂದೆ.

"ಇದ್ದರು. ಕಡಿಮೆಬಿದ್ದದ್ದನ್ನು ಅಮ್ಮ ತುಂಬಿಕೊಡುತ್ತಿದ್ದಳು. ಮಳೆ ಬಂದರೆ ಕಾರಿನಲ್ಲಿ ಮನೆಮನೆಗೆ ಅವಳೇ ಕರೆದೊಯ್ಯುತ್ತಿದ್ದಳು."

ನೋಡಿದಿರಾ? ಆ ಅಮ್ಮ ಜಾಹೀರಾತಿನಲ್ಲೂ ಇಲ್ಲ, ಅಜ್ಜನ ನಿಟ್ಟುಸಿರಿನಲ್ಲೂ ಇಲ್ಲ!

ಅಜ್ಜ ಲೆಕ್ಕ ಕಲಿತರು, ನಾಲ್ಕು ಜನರೊಡನೆ ಮಾತು ಕಲಿತರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗುವನ್ನು 'ವ್ಯಾಪಾರಿ' ಎಂದು ಕರೆಯುವುದರಲ್ಲಿ ಒಂದು ಜಾಣತನವಿದೆ. ವ್ಯಾಪಾರಿ ಕೂಲಿ ಕೇಳುವ ಹಾಗಿಲ್ಲವಲ್ಲ! 1899ರಲ್ಲಿ ನ್ಯೂಯಾರ್ಕಿನ ಪತ್ರಿಕೆ ಮಾರುವ ಹುಡುಗರು ಪುಲಿಟ್ಜರ್ ಮತ್ತು ಹರ್ಸ್ಟ್ ಅವರ ಪತ್ರಿಕೆಗಳ ವಿರುದ್ಧ ಮುಷ್ಕರ ಹೂಡಿದರು. ನೂರು ಪ್ರತಿಗೆ 50 ಸೆಂಟಿದ್ದ ದರವನ್ನು ಯುದ್ಧದ ನೆಪದಲ್ಲಿ 60ಕ್ಕೆ ಏರಿಸಿ, ಯುದ್ಧ ಮುಗಿದರೂ ಇಳಿಸಿರಲಿಲ್ಲ. ಮುಷ್ಕರದ ನಂತರವೂ ದರ ಇಳಿಯಲಿಲ್ಲ. ಮಾರಾಟವಾಗದ ಪ್ರತಿ ವಾಪಸು ಪಡೆಯಲು ಮಾತ್ರ ಒಪ್ಪಿದರು. ಅಂದರೆ ಅಲ್ಲಿಯವರೆಗೆ ಉಳಿದ ಪ್ರತಿಯ ನಷ್ಟವೆಲ್ಲ ಮಗುವಿನ ತಲೆಗೆ! ಆ ದೇಶದ 1938ರ ಕಾರ್ಮಿಕ ಕಾಯ್ದೆಯ ಬಾಲಕಾರ್ಮಿಕ ನಿಯಮಗಳಿಂದ ಮನೆಮನೆಗೆ ಪತ್ರಿಕೆ ಹಾಕುವ ಮಕ್ಕಳನ್ನು ಇಂದಿಗೂ ಹೊರಗಿಟ್ಟಿದ್ದಾರೆ.

ನೆನಪು ಸಿಹಿಯಾಗುವುದು ದಡ ಸೇರಿದವರಿಗೆ. ದಡ ಸೇರದವರು ಹಳೆಯ ಕಾಮಿಕ್ಸ್ ಜೋಪಾನ ಮಾಡಿಟ್ಟಿರುವುದಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ಪೇಪರ್ ಹುಡುಗನನ್ನು ಕಂಡಾಗ ಇದೆಲ್ಲ ನೆನಪಾಯಿತು. ಬೆಳಗಿನ ಐದೂವರೆಗೆ, ಚಳಿಯಲ್ಲಿ, ಸೈಕಲ್ ಮೇಲೆ ಬರುತ್ತಾನೆ. "ಅಬ್ದುಲ್ ಕಲಾಂ ಕೂಡ ಪೇಪರ್ ಹಂಚಿದವರಲ್ಲವೇ? ಇವನೂ ಮೇಲೆ ಬರ್ತಾನೆ ಬಿಡಿ" ಎನ್ನುತ್ತಾರೆ ನೆರೆಮನೆಯವರು. ಕಲಾಂ ಮೇಲೆ ಬಂದದ್ದು ಓದಿನಿಂದ, ಪೇಪರ್ ಕಟ್ಟಿನಿಂದಲ್ಲ. ಕಷ್ಟ ಮಕ್ಕಳನ್ನು ಗಟ್ಟಿ ಮಾಡುತ್ತದೆಂದು ನಾವು ನಿಜವಾಗಿ ನಂಬಿದ್ದರೆ, ನಮ್ಮ ಮಗನನ್ನೇಕೆ ಏಳೂವರೆಗೆ ಮುದ್ದು ಮಾಡಿ ಎಬ್ಬಿಸುತ್ತೇವೆ?

ನಾಳೆ ಅವನು ಬಂದಾಗ ಯಾವ ತರಗತಿ ಎಂದು ಕೇಳಿ. ಶಾಲೆ ಬಿಟ್ಟಿದ್ದರೆ ಏಕೆಂದು ಕೇಳಿ. ಬಿಲ್ಲಿಗೆ ಮೂರು ಸಲ ಅಲೆಸಬೇಡಿ. ಅವನ ಬಾಲ್ಯವನ್ನು ಹೊಗಳುವ ಕೆಲಸ ಮುಂದೆಂದಾದರೂ ಅವನೇ ಮಾಡಿಕೊಳ್ಳಲಿ.