ಯಂತ್ರ ಕಿರಿದಾಯಿತು, ಅಳತೆಗೋಲು ಹಳೆಯದೇ

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ಹೆದ್ದಾರಿಯಲ್ಲಾಗಲಿ, ಸಿಂದಗಿಯ ಮೇಲೆ ಹಾಯ್ದು ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಾಗಲಿ, ಇಂಡಿಯ ಲಿಂಬೆ ಹೊತ್ತ ಲಾರಿಗಳ ಮತ್ತು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕೋಟಿ ರೂಪಾಯಿ ಬೆಲೆಯ ಮೋಟಾರು ಗಾಡಿಗಳೂ ಈಗ ಆಗಾಗ ಕಾಣಸಿಗುತ್ತವೆ. ಗಾಡಿ ಇಷ್ಟು ದೊಡ್ಡದಿದ್ದ ಮೇಲೆ ಅದರೊಳಗಿನ ಯಂತ್ರವೂ ಅಷ್ಟೇ ದೊಡ್ಡದಿರಬೇಕೆಂದು ನೋಡುವವರು ಭಾವಿಸುವುದು ಸಹಜ. ಆದರೆ ಸಂಗತಿ ಹಾಗಿಲ್ಲ. ನಮ್ಮ ಒಕ್ಕಲಿಗನ ನಲ್ವತ್ತೈದು ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರಿನ ಯಂತ್ರ ಸಾಮಾನ್ಯವಾಗಿ ಎರಡೂವರೆ ಲೀಟರಿಗೆ ಮೇಲ್ಪಟ್ಟದ್ದು. ಅದನ್ನು ಹಿಂದೆ ಹಾಕಿ ಹೋದ ವೈಭವದ ಗಾಡಿಯದು ಅನೇಕ ವೇಳೆ ಎರಡೇ ಲೀಟರಿನದು. ಗಾತ್ರದಲ್ಲಿ ಹಿರಿಯದು ಉಳುತ್ತಿದೆ, ಕಿರಿಯದು ಮೆರೆಯುತ್ತಿದೆ.

ಇದರ ಉದಾಹರಣೆಗೆ ಪರದೇಶಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯು 2017ರಿಂದ ತನ್ನ ಕಾರುಗಳನ್ನು ಜೋಡಿಸಲಾರಂಭಿಸಿತು. ಅಲ್ಲಿ ಮೊದಲು ಜೋಡಣೆಗೊಂಡದ್ದು ಎಕ್ಸ್‌ಸಿ 90 ಎಂಬ ಏಳು ಆಸನಗಳ ಭಾರೀ ಗಾಡಿ. ಇದೇ ಹೆಸರಿನ ಹಿಂದಿನ ಗಾಡಿಗೆ 2005ರಲ್ಲಿ ಎಂಟು ಸಿಲಿಂಡರುಗಳ, 4414 ಸಿ.ಸಿ. ಯಂತ್ರವನ್ನು ಕೊಟ್ಟಿದ್ದರು, ಅದರ ಶಕ್ತಿ 315 ಅಶ್ವಶಕ್ತಿ. ಹೊಸ ಗಾಡಿಯಲ್ಲಿ ಇರುವುದು ನಾಲ್ಕೇ ಸಿಲಿಂಡರು, 1969 ಸಿ.ಸಿ. ಆದರೂ ಅದರ ಒಂದು ಬಗೆಯಲ್ಲಿ ಪೆಟ್ರೋಲ್ ಯಂತ್ರವೊಂದೇ 320 ಅಶ್ವಶಕ್ತಿಯನ್ನು ಕೊಡುತ್ತದೆ. ವಿದ್ಯುತ್ ಮೋಟಾರಿನದು ಬೇರೆ. ಯಂತ್ರದ ಗಾತ್ರ ಅರ್ಧಕ್ಕಿಂತ ಕಡಿಮೆಯಾಯಿತು, ಶಕ್ತಿ ಕುಂದಲಿಲ್ಲ.

ಇದು ಮಾಯೆಯಲ್ಲ, ತಿದಿಯ ಕೆಲಸ. ಕಮ್ಮಾರನ ಕುಲುಮೆಯಲ್ಲಿ ಅದೇ ಇದ್ದಿಲು ಗಾಳಿಯೂದಿದಾಗ ಎಷ್ಟು ಉರಿಯುತ್ತದೆಂಬುದನ್ನು ನಮ್ಮ ವಾಚಕರು ಬಲ್ಲರು. ಎಣ್ಣೆಯಂತ್ರದಲ್ಲಿ ಉರಿದ ಅನಿಲವು ಹೊರಬೀಳುವಾಗ ಎಣ್ಣೆಯ ಶಾಖದ ಸುಮಾರು ಮೂರರಲ್ಲೊಂದು ಪಾಲನ್ನು ಹೊತ್ತು ವ್ಯರ್ಥವಾಗಿ ಹೋಗುತ್ತದೆ. ಆ ಅನಿಲದ ಹಾದಿಯಲ್ಲಿ ಒಂದು ಚಿಕ್ಕ ಚಕ್ರವನ್ನಿಟ್ಟು, ಅದೇ ಅಚ್ಚಿಗೆ ಮತ್ತೊಂದು ಚಕ್ರವನ್ನು ಕೂಡಿಸಿದರೆ, ಎರಡನೆಯದು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ನೂಕುತ್ತದೆ. ಗಾಳಿ ಹೆಚ್ಚಾದಷ್ಟು ಎಣ್ಣೆಯನ್ನೂ ಹೆಚ್ಚಾಗಿ ಉರಿಸಬಹುದು. ಇದೇ ಟರ್ಬೋಚಾರ್ಜರು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರನು 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದನು. ಹಡಗು, ರೈಲು, ಲಾರಿಗಳಲ್ಲಿ ಅದು ಬಹುಕಾಲ ದುಡಿದಿದೆ. ನಮ್ಮ ಲಾರಿ ಚಾಲಕರಿಗೆ ಅದರ ಶಿಳ್ಳೆ ದಶಕಗಳ ಪರಿಚಯ. ಹೊಸತೇನೆಂದರೆ, ದುಡಿಯುವ ಗಾಡಿಗಳ ಈ ಸಾಧನವು ಮೆರೆಯುವ ಗಾಡಿಗಳಲ್ಲಿ ದೊಡ್ಡ ಯಂತ್ರವನ್ನೇ ಕದಲಿಸಿ ಕುಳಿತದ್ದು.

ಜರ್ಮನಿಯ ಮರ್ಸಿಡಿಸ್ ಕಂಪನಿಯ ನಡೆ ಇನ್ನೂ ಬೋಧಪ್ರದವಾಗಿದೆ. 2011ರಲ್ಲಿ ಅದು ತನ್ನ ಅತ್ಯುನ್ನತವಾದ ಎಸ್ ದರ್ಜೆಯ ಗಾಡಿಗೆ ಮೊಟ್ಟಮೊದಲು ನಾಲ್ಕು ಸಿಲಿಂಡರಿನ ಡೀಸೆಲ್ ಯಂತ್ರವನ್ನಿಟ್ಟಿತು. ಅದರ ಸಿ 63 ಎಂಬ ವೇಗದ ಗಾಡಿಯ ಯಂತ್ರ 2008ರಲ್ಲಿ 6208 ಸಿ.ಸಿ., 457 ಅಶ್ವಶಕ್ತಿ. ಮುಂದಿನ ತಲೆಮಾರಿನಲ್ಲಿ 3982 ಸಿ.ಸಿ.; 2022ರಲ್ಲಿ 1991 ಸಿ.ಸಿ., ಆದರೆ 476 ಅಶ್ವಶಕ್ತಿ! 2024ರ ನವೆಂಬರಿನಲ್ಲಿ ಅದು ಭಾರತಕ್ಕೆ ಬಂದಾಗ ಬೆಲೆ ರೂ. 1 ಕೋಟಿ 95 ಲಕ್ಷ. ವಿದ್ಯುತ್ ಮೋಟಾರು ಮತ್ತು ಬ್ಯಾಟರಿಗಳು ಸೇರಿ ಗಾಡಿಯ ತೂಕ ಎರಡು ಟನ್ನನ್ನು ಮೀರಿತು. ಎಂಟು ಸಿಲಿಂಡರುಗಳ ಗುಡುಗಿಗೆ ಹಣ ತೆತ್ತು ಒಗ್ಗಿದವರಲ್ಲಿ ಅನೇಕರು ಇದನ್ನು ಮೆಚ್ಚಲಿಲ್ಲ. ಅವರ ದುಃಖದಲ್ಲಿ ನಾವು ಪಾಲ್ಗೊಳ್ಳಬೇಕಾದ ಅಗತ್ಯ ಕಾಣದು. ನಮ್ಮ ಪ್ರಶ್ನೆ ಬೇರೆ: ಯಂತ್ರ ಕಿರಿದಾದುದರಿಂದ ಎಣ್ಣೆಯ ಖರ್ಚೂ ಹೊಗೆಯೂ ಅದೇ ಪ್ರಮಾಣದಲ್ಲಿ ಕಡಿಮೆಯಾದುವೇ? ಮತ್ತು ಸರಕಾರದ ತೆರಿಗೆ ಈ ಬದಲಾವಣೆಯನ್ನು ಅರಿತಿದೆಯೇ?

ಮೊದಲನೆಯ ಪ್ರಶ್ನೆಗೆ ಉತ್ತರ: ಮೆಲ್ಲಗೆ ಓಡಿಸಿದರೆ ಹೌದು, ತುಳಿದು ಓಡಿಸಿದರೆ ಇಲ್ಲ. ಹಗುರವಾಗಿ ಸಾಗುವಾಗ ಚಿಕ್ಕ ಯಂತ್ರಕ್ಕೆ ಬೇಕಾದುದು ಸ್ವಲ್ಪವೇ ಎಣ್ಣೆ. ಆದರೆ ಪೂರ್ಣ ಶಕ್ತಿಯನ್ನು ಕೇಳಿದೊಡನೆ ಒತ್ತಿದ ಗಾಳಿಗೆ ತಕ್ಕ ಎಣ್ಣೆಯನ್ನು ಸುರಿಯಲೇಬೇಕು. ಅದಲ್ಲದೆ ಪೆಟ್ರೋಲ್ ಯಂತ್ರದೊಳಗಿನ ಕಾವನ್ನು ತಗ್ಗಿಸಲು ಇನ್ನಷ್ಟು ಹೆಚ್ಚಿಗೆಯಾಗಿ ಸುರಿಯುವುದೂ ಉಂಟು. ಪರೀಕ್ಷಾಲಯದ ಓಟವು ಸೌಮ್ಯವಾದುದು. ನಮ್ಮ ದೇಶದ ಪರೀಕ್ಷಾಕ್ರಮದಲ್ಲಿ ವೇಗದ ಮೇರೆ ಗಂಟೆಗೆ 90 ಕಿಲೋಮೀಟರು. ವಿಜಯಪುರದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ಒಂದೇ ಹಗಲಿನಲ್ಲಿ ಮುಗಿಸಬೇಕೆನ್ನುವ ಗಾಡಿಗಳು ಆ ಮೇರೆಯೊಳಗೆ ಎಷ್ಟು ಹೊತ್ತು ಇರುತ್ತವೆಂಬುದನ್ನು ಈ ರಸ್ತೆಯ ಹಳ್ಳಿಗರನ್ನು ಕೇಳಬೇಕು. ಯುರೋಪಿನಲ್ಲಿಯೂ ಹಳೆಯ ಪರೀಕ್ಷೆಯ ಅಂಕಿಗಳಿಗೂ ರಸ್ತೆಯ ಅಂಕಿಗಳಿಗೂ ಅಂತರ ಹೆಚ್ಚಿದ ಮೇಲೆ, 2017ರ ಸೆಪ್ಟೆಂಬರಿನಿಂದ ಕಠಿಣತರವಾದ ಹೊಸ ಕ್ರಮವನ್ನು ತಂದು, ರಸ್ತೆಯ ಮೇಲೆಯೇ ಹೊಗೆ ಅಳೆಯುವ ಪದ್ಧತಿಯನ್ನೂ ಆರಂಭಿಸಬೇಕಾಯಿತು.

ಎರಡನೆಯ ಪ್ರಶ್ನೆಯೇ ನಮಗೆ ಮುಖ್ಯವಾದುದು. 2006ರ ಕೇಂದ್ರ ಮುಂಗಡಪತ್ರದಲ್ಲಿ ಚಿಕ್ಕ ಕಾರೆಂದರೆ ಯಾವುದೆಂಬುದಕ್ಕೆ ಒಂದು ಗೆರೆ ಎಳೆದರು: ಉದ್ದ ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಯಂತ್ರವಾದರೆ 1200 ಸಿ.ಸಿ.ಯೊಳಗೆ, ಡೀಸೆಲ್ ಆದರೆ 1500 ಸಿ.ಸಿ.ಯೊಳಗೆ. ಗಾತ್ರಕ್ಕೂ ಶಕ್ತಿಗೂ ಹೆಚ್ಚು ಕಡಿಮೆ ತಾಳೆಯಿದ್ದ ಆ ದಿನಗಳಲ್ಲಿ ಅದು ಯುಕ್ತವೇ ಆಗಿತ್ತು. ಆದರೆ ಟರ್ಬೋ ಇಲ್ಲದ ಒಂದು ಲೀಟರಿನ ಯಂತ್ರ 65-70 ಅಶ್ವಶಕ್ತಿ ಕೊಟ್ಟರೆ, ಟರ್ಬೋ ಇರುವ ಅದೇ ಗಾತ್ರದ್ದು ಇಂದು ನೂರನ್ನು ದಾಟಿ 120ನ್ನು ಮುಟ್ಟುತ್ತದೆ. ಎರಡಕ್ಕೂ ತೆರಿಗೆ ಒಂದೇ. ನಮ್ಮ ಹತ್ತಿಯ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಡಿಲವಾಗಿ ತುಂಬಿದ ಹತ್ತಿಗೂ ಪ್ರೆಸ್ಸಿನಲ್ಲಿ ಒತ್ತಿದ ಹತ್ತಿಗೂ ಜಾಗದ ಅಳತೆಯಿಂದ ಬೆಲೆ ಕಟ್ಟುವ ದಲಾಲಿಯನ್ನು ಪೇಟೆಯಲ್ಲಿ ಯಾರೂ ನಿಲ್ಲಗೊಡರು. ತೂಗಿ ಕೊಳ್ಳುವುದೇ ವಾಡಿಕೆ.

ಗೆರೆ ಎಲ್ಲಿ ಎಳೆದರೆ ಅಲ್ಲಿಗೇ ಯಂತ್ರವನ್ನು ಕತ್ತರಿಸುವರೆಂಬುದು 2015ರಲ್ಲಿಯೇ ಬಯಲಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದಿಲ್ಲಿ ಮತ್ತು ಅದರ ಸುತ್ತಣ ಪ್ರದೇಶದಲ್ಲಿ 2000 ಸಿ.ಸಿ. ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಯಿತು. ಮರು ತಿಂಗಳಲ್ಲಿಯೇ ಮಹೀಂದ್ರ ಕಂಪನಿಯು ತನ್ನ 2179 ಸಿ.ಸಿ. ಯಂತ್ರಕ್ಕೆ ಬದಲು 1990 ಸಿ.ಸಿ. ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರುಂಟೆಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು. ಕಾಯಿದೆಯನ್ನು ಮೀರಿದರೆಂದು ಕಂಪನಿಯನ್ನು ದೂರುವಂತಿಲ್ಲ. ಕಾಯಿದೆಯ ಅಕ್ಷರವನ್ನು ಅದು ಪಾಲಿಸಿತು. ಕಡೆಗೆ 2016ರ ಆಗಸ್ಟಿನಲ್ಲಿ, ಬೆಲೆಯ ನೂರಕ್ಕೆ ಒಂದರಂತೆ ಪರಿಸರ ಶುಲ್ಕವನ್ನು ವಿಧಿಸಿ ನ್ಯಾಯಾಲಯವು ತಡೆಯನ್ನು ತೆಗೆಯಿತು.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ಮಾರ್ಪಾಟಿನಲ್ಲಿಯೂ 2006ರ ಆ ಗೆರೆ ಹಾಗೆಯೇ ಉಳಿಯಿತು. ಗೆರೆಯ ಈಚೆಗಿದ್ದರೆ ನೂರಕ್ಕೆ 18, ಆಚೆಗಿದ್ದರೆ ನೂರಕ್ಕೆ 40. ಇದಕ್ಕೆ ಮುಂಚೆ ದೊಡ್ಡ ಯಂತ್ರದ ಎತ್ತರದ ಗಾಡಿಗಳಿಗೆ 28 ಮತ್ತು ಅದರ ಮೇಲೆ 22 ಸೆಸ್, ಒಟ್ಟು 50 ಇತ್ತು. ಟ್ರ್ಯಾಕ್ಟರಿನ ತೆರಿಗೆ 12ರಿಂದ 5ಕ್ಕೆ ಇಳಿದುದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸಿದ್ದೇವೆ. ಆದರೆ ಅದೇ ಕೈಯಿಂದ ಕೋಟಿ ಬೆಲೆಯ ಗಾಡಿಗೂ ನೂರಕ್ಕೆ ಹತ್ತು ಬಿಟ್ಟದ್ದೇಕೆ? ಅದಕ್ಕೂ ಮಿಗಿಲಾಗಿ, ಗೆರೆಯ ಆಚೆ ಈಗ ತಾರತಮ್ಯವೆಂಬುದೇ ಇಲ್ಲ. ನಾಲ್ಕು ಮೀಟರಿಗೆ ಎರಡು ಗೇಣು ಹೆಚ್ಚಾದ, ಒಂದೂವರೆ ಲೀಟರಿನ ಮಧ್ಯಮ ವರ್ಗದ ಗಾಡಿಗೂ 40, ಆರು ಲೀಟರಿನ ಪರದೇಶದ ಗಾಡಿಗೂ 40. ನಮ್ಮ ರಾಜ್ಯದ ಆಜೀವ ತೆರಿಗೆ ಬೆಲೆಯನ್ನು ಅನುಸರಿಸಿ ಏರುತ್ತದೆ. ಇಪ್ಪತ್ತು ಲಕ್ಷ ಮೀರಿದುದಕ್ಕೆ ನೂರಕ್ಕೆ 18. ಸಿರಿವಂತಿಕೆಯನ್ನಾದರೂ ಅದು ಅಳೆಯುತ್ತದೆ, ಹೊಗೆಯನ್ನು ಅಳೆಯದು.

ಹೊಗೆಯನ್ನು ಅಳೆಯುವ ನಿಯಮ ಇಲ್ಲವೆಂದಲ್ಲ. ಒಂದು ಕಂಪನಿ ಮಾರಿದ ಎಲ್ಲ ಕಾರುಗಳ ಸರಾಸರಿ ಇಂಗಾಲಾಮ್ಲವು ಕಿಲೋಮೀಟರಿಗೆ ಇಷ್ಟು ಗ್ರಾಮನ್ನು ಮೀರಕೂಡದೆಂಬ ನಿಯಮ 2017-18ರಿಂದ 130ರ ಮಟ್ಟದಲ್ಲಿಯೂ, 2022-23ರಿಂದ 113ರ ಮಟ್ಟದಲ್ಲಿಯೂ ಇದೆ. ಆದರೆ ಅದರಲ್ಲಿ ಗಾಡಿಗಳು ಭಾರವಾದಷ್ಟೂ ಮಿತಿ ಸಡಿಲವಾಗುತ್ತದೆ. ಭಾರ ಹೊರುವವನಿಗೆ ರಿಯಾಯಿತಿ ಕೊಡುವುದು ಧರ್ಮ. ಭಾರವನ್ನು ಬೇಕೆಂದೇ ಹೆಚ್ಚಿಸಿಕೊಂಡವನಿಗೆ ಕೊಡುವುದು ಯಾವ ನೀತಿ?

ಇನ್ನು ನಮ್ಮ ನಾಲ್ಕು ತಾಲೂಕುಗಳ ಮಾತು. ಈ ಚಿಕ್ಕ ಚಕ್ರವು ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಪೆಟ್ರೋಲ್ ಯಂತ್ರದಲ್ಲಿ ಅದಕ್ಕೆ ತಾಗುವ ಅನಿಲದ ಕಾವು ಸಾವಿರ ಡಿಗ್ರಿಯ ಹತ್ತಿರ. ಎರೆಭೂಮಿಯ ಧೂಳು, ಏಪ್ರಿಲ್-ಮೇ ತಿಂಗಳ ಬಿಸಿಲು, ಕಾಲಕ್ಕೆ ಬದಲಿಸದ ಆಯಿಲು, ಇವು ಮೂರೂ ಅದಕ್ಕೆ ಶತ್ರುಗಳು. ದೂರದ ಓಟ ಮುಗಿಸಿ ನಿಂತೊಡನೆ ಯಂತ್ರವನ್ನು ಆರಿಸಿಬಿಟ್ಟರೆ, ಕಾದ ಅಚ್ಚಿನ ಸುತ್ತಲಿನ ಆಯಿಲು ಸುಟ್ಟು ಕರಿಕಾಗುವ ಭಯವುಂಟು; ಅರೆ ನಿಮಿಷ ಒಂದು ನಿಮಿಷ ತಡೆದು ಆರಿಸುವುದು ಲೇಸು. ಶ್ರೀಮಂತರು ನಾಲ್ಕೈದು ವರ್ಷ ಮೆರೆಸಿ ಮಾರಿದ ಗಾಡಿಗಳನ್ನು ಅಗ್ಗವೆಂದು ಕೊಳ್ಳುವ ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಗೃಹಸ್ಥರು ಬೆಲೆ ಮಾತಾಡುವ ಮೊದಲು ಆಯಿಲು ಬದಲಿಸಿದ ದಾಖಲೆಯನ್ನು ಕೇಳಿ ನೋಡಬೇಕು.

ಕಬ್ಬಿನಿಂದ ಬರುವ ಎಥನಾಲಿನ ವಿಷಯವೂ ಇದಕ್ಕೆ ಹೊಂದಿದೆ. ಟರ್ಬೋ ಇರುವ ಪೆಟ್ರೋಲ್ ಯಂತ್ರವನ್ನು ಮಿತಿಯಲ್ಲಿಡುವುದು ಒತ್ತಡದಿಂದ ಎಣ್ಣೆ ಅಕಾಲದಲ್ಲಿ ಸಿಡಿಯುವ ದೋಷ; ಎಥನಾಲು ಅದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಲೀಟರಿಗೆ ಲೀಟರು ಹೋಲಿಸಿದರೆ ಅದರ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆ. ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲು ದೇಶವೆಲ್ಲ ಹಬ್ಬಿರುವಾಗ, ಅದಕ್ಕೆಂದೇ ಹದಗೊಳಿಸಿದ ಯಂತ್ರಗಳು ಬಂದರೆ ಇಂಡಿಯ ಕಬ್ಬು ಬೆಳೆಗಾರನಿಗೂ ಗಾಡಿಯ ಯಜಮಾನನಿಗೂ ಲಾಭ. ಬಾರದಿದ್ದರೆ ಯಜಮಾನನಿಗೆ ಮೈಲೇಜಿನ ನಷ್ಟ ಮಾತ್ರ ಉಳಿಯುತ್ತದೆ.

ಟರ್ಬೋ ಒಂದೇ ದಾರಿಯೆಂದೂ ತಿಳಿಯಬಾರದು. ನಮ್ಮ ಅಧಿಕಾರಿಗಳಿಗೆ ಚಿರಪರಿಚಿತವಾದ ಇನ್ನೋವಾ ಬಿಡದಿಯಲ್ಲಿ ತಯಾರಾಗುತ್ತದೆ. 2005ರ ಗಾಡಿಯಲ್ಲಿ 2494 ಸಿ.ಸಿ.ಗೆ 102 ಅಶ್ವಶಕ್ತಿಯಿದ್ದರೆ, 2016ರ ಕ್ರಿಸ್ಟಾದಲ್ಲಿ 2393 ಸಿ.ಸಿ.ಗೆ 150 ಆಯಿತು, ಟರ್ಬೋದ ಸುಧಾರಣೆಯಿಂದ. ಆದರೆ 2022ರಲ್ಲಿ ಅದೇ ಬಿಡದಿಯಿಂದ ಬಂದ ಹೈಕ್ರಾಸಿನಲ್ಲಿ ಟರ್ಬೋ ಇಲ್ಲ. ಎರಡು ಲೀಟರಿನ ಸಾದಾ ಪೆಟ್ರೋಲ್ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಜೊತೆಗೂಡಿಸಿ ಎಣ್ಣೆಯನ್ನು ಉಳಿಸಿದ್ದಾರೆ. ಸಿ.ಸಿ.ಯ ಲೆಕ್ಕದಲ್ಲಿ ಇದು ದೊಡ್ಡ ಯಂತ್ರದ ಗಾಡಿ, ನೂರಕ್ಕೆ 40ರ ಪಾಲಿನದು. ಎಣ್ಣೆಯ ಲೆಕ್ಕದಲ್ಲಿ ಅದಕ್ಕಿಂತ ಚಿಕ್ಕ ಯಂತ್ರದ ಎಷ್ಟೋ ಗಾಡಿಗಳಿಗಿಂತ ಮಿತವ್ಯಯದ್ದು.

ಆದುದರಿಂದ ನಮ್ಮ ಸೂಚನೆ ಇಷ್ಟೇ: ಸಿ.ಸಿ. ಮತ್ತು ಮೀಟರುಗಳ ಗೆರೆಯನ್ನು ಅಳಿಸಿ, ನಿಜವಾದ ರಸ್ತೆಯ ಮೇಲೆ ಕಿಲೋಮೀಟರಿಗೆ ಗಾಡಿ ಉಗುಳುವ ಇಂಗಾಲಾಮ್ಲದ ಮೇಲೆ ತೆರಿಗೆಯ ಮೆಟ್ಟಿಲುಗಳನ್ನು ಕಟ್ಟಬೇಕು. ಭಾರಕ್ಕೆ ರಿಯಾಯಿತಿ ಇರಕೂಡದು. ಇಂಗಾಲಾಮ್ಲದ ಮೂರನೆಯ ಹಂತದ ನಿಯಮಗಳ ಕರಡು 2025ರ ಸೆಪ್ಟೆಂಬರಿನಲ್ಲಿ ಹೊರಬಿದ್ದಿತು. 2027ರ ಏಪ್ರಿಲಿನಿಂದ ಅವನ್ನು ಜಾರಿಗೆ ತರುವುದು ಅದರ ಉದ್ದೇಶ. ತೆರಿಗೆಯ ಪ್ರಶ್ನೆಯನ್ನು ಎತ್ತಬೇಕಾದ ಸ್ಥಳ ಜಿ.ಎಸ್.ಟಿ. ಮಂಡಳಿ. ಅಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವುಂಟು, ಒಂದು ಮತವುಂಟು. ಹೊಸಕೋಟೆ, ಬಿಡದಿಗಳ ಕಾರಖಾನೆಗಳನ್ನು ತನ್ನ ನೆಲದಲ್ಲಿ ಇಟ್ಟುಕೊಂಡಿರುವ ಈ ರಾಜ್ಯದ ಮಂತ್ರಿಗಳು ಮುಂದಿನ ಸಭೆಯಲ್ಲಿಯೇ ಇದನ್ನು ಲಿಖಿತವಾಗಿ ಮಂಡಿಸಬೇಕು.