ಹೆಸರು ಒಂದೇ, ಕೆಲಸ ಬೇರೆ

ಚಾಕಲೇಟಿನ ಹೊದಿಕೆಯ ಮೇಲೆ ಎಮಲ್ಸಿಫೈಯರ್ 476 ಎಂದು ಮುದ್ರಿಸಿದ್ದರೆ ಅದು ಪಿಜಿಪಿಆರ್. ಹರಳೆಣ್ಣೆಯ ಕೊಬ್ಬಿನಾಮ್ಲ ಹಾಗೂ ಗ್ಲಿಸರಿನ್‌ನಿಂದ ತಯಾರಾಗುವ ಈ ವಸ್ತುವಿನ ಬಳಕೆಗೆ ನಿಗದಿತ ಮಿತಿಯೊಳಗೆ ಅನುಮತಿಯಿದೆ. ಇದನ್ನು ತುಸು ಬೆರೆಸಿದರೆ ಕರಗಿದ ಚಾಕಲೇಟು ಅಚ್ಚಿನಲ್ಲಿ ಸರಾಗವಾಗಿ ಹರಿಯುತ್ತದೆ. ದುಬಾರಿಯಾದ ಕೋಕೋ ಬೆಣ್ಣೆ ಕಡಿಮೆ ಸಾಕಾಗುತ್ತದೆ. ಅಡಿಕೆಯ ನೆರಳಿನಲ್ಲಿ ಕೋಕೋ ಬೆಳೆಯುವವರು ಈ ಲೆಕ್ಕವನ್ನು ಅರಿತಿರಬೇಕು.

ಇದೇ ಸಂಕ್ಷಿಪ್ತ ನಾಮದ ಮತ್ತೊಂದು ಪಿಜಿಪಿಆರ್ ನಮ್ಮ ತೋಟದ ಬೇರುಗಳ ಸುತ್ತ ಬದುಕಿದೆ. ಸಸ್ಯದ ಬೆಳವಣಿಗೆಗೆ ನೆರವಾಗುವ ಈ ಬ್ಯಾಕ್ಟೀರಿಯಾಗಳಿಗೆ 1978ರಲ್ಲಿ ಕ್ಲೋಪರ್ ಮತ್ತು ಶ್ರಾತ್ ಎಂಬ ವಿಜ್ಞಾನಿಗಳು ಆ ಹೆಸರಿತ್ತರು. ಸ್ಯೂಡೋಮೊನಾಸ್, ಬ್ಯಾಸಿಲಸ್ ಮುಂತಾದ ಇವುಗಳಲ್ಲಿ ಕೆಲವು ಮಣ್ಣಿನ ರಂಜಕವನ್ನು ಕರಗಿಸಿ ಬೇರಿಗೆ ಒದಗಿಸುತ್ತವೆ. ಕೆಲವು ರೋಗಾಣುಗಳನ್ನು ತಡೆಯುತ್ತವೆ.

ಇಂದು ಇವು ಪೊಟ್ಟಣಗಳಲ್ಲಿ ಮಾರಾಟಕ್ಕಿವೆ. ಆದರೆ ಸೊಪ್ಪು, ತರಗೆಲೆ, ಕೊಟ್ಟಿಗೆ ಗೊಬ್ಬರ ಕಾಣದ ಮಣ್ಣಿನಲ್ಲಿ ಅವು ನೆಲೆಯೂರುವುದು ಕಷ್ಟ. ಬೋರ್ಡೋ ದ್ರಾವಣ ಸುರಿದ ಬುಡಕ್ಕೇ ಅವನ್ನು ಹಾಕಿದರೆ ತಾಮ್ರ ಕೊಲ್ಲಬಲ್ಲದು.

ಚಾಕಲೇಟಿಗೆ ಏನು ಬೆರೆಸಬೇಕೆಂಬುದನ್ನು ಕಾರ್ಖಾನೆ ನಿರ್ಧರಿಸುತ್ತದೆ. ಬೇರಿನ ಸುತ್ತಲಿನ ಜೀವ ಮಾತ್ರ ನಮ್ಮ ಹೊಣೆ. ಸೊಪ್ಪಿನ ಬೆಟ್ಟವನ್ನು ಬೋಳಿಸಿ ಪೊಟ್ಟಣ ಕೊಳ್ಳುವುದಕ್ಕಿಂತ ಬೆಟ್ಟವನ್ನು ಉಳಿಸಿಕೊಳ್ಳೋಣ.